ಮಣ್ಣೆತ್ತಿನಿಂದ ಸೀತನಿಯವರೆಗೆ

ಕೃಷ್ಣೆ–ಮಲಪ್ರಭೆಯರು ಕೂಡುವ ಕೂಡಲಸಂಗಮದ ಸುತ್ತಿನ ಎರೆಸೀಮೆಯಲ್ಲಿ, ಜೀವ ಬೆಳೆಯುವ ಬಗೆಯನ್ನು ಮಕ್ಕಳು ಮೊದಲು ಕಲಿಯುತ್ತಿದ್ದದ್ದು ಕೈಗೆ ಮಣ್ಣು ಮೆತ್ತಿಕೊಂಡು. ಕಾರಹುಣ್ಣಿಮೆಗೆ ಕೊಂಬಿಗೆ ಬಣ್ಣ ಹಚ್ಚಿಸಿಕೊಂಡು ಓಡಿದ ಎತ್ತುಗಳನ್ನು ಹದಿನೈದು ದಿನಕ್ಕೆ, ಮಣ್ಣೆತ್ತಿನ ಅಮಾವಾಸ್ಯೆಗೆ, ಎರೆಮಣ್ಣಿನಲ್ಲಿ ಮಾಡಬೇಕು. ಜೋಡೆತ್ತಷ್ಟೇ ಸಾಲದು, ಮುಂದೆ ಮೇವು ಹಾಕುವ ಗ್ವಾದಲಿಯೂ ಬೇಕು. ಹೆಗಲ ಮೇಲಿನ ಹಿಣಿಲು ಮರೆತರೆ ಎತ್ತು ಎಮ್ಮೆಯಾಗುತ್ತದೆ! ದನದ ವಯಸ್ಸನ್ನು ಹಲ್ಲಿನಿಂದ ಎಣಿಸುವುದೂ ಕೊಟ್ಟಿಗೆಯಲ್ಲೇ ಬರುತ್ತಿತ್ತು: ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಆಮೇಲೆ ಬಾಯಿಗೂಡಿದ್ದು.

ಉತ್ತರ ಕರ್ನಾಟಕದಲ್ಲಿ ಮಣ್ಣಿನ ಪೂಜೆ ಐದು: ಮಣ್ಣೆತ್ತು, ಗುಳ್ಳವ್ವ, ನಾಗಪ್ಪ, ಗಣಪ್ಪ, ಜೋಕುಮಾರ. ಈ ಸಾಲನ್ನು ಬರೀ ಭಕ್ತಿಯ ಲೆಕ್ಕಕ್ಕೆ ಹಾಕಿದರೆ ಅರ್ಧ ಮಾತ್ರ ಕಂಡಂತೆ. ಆಷಾಢದ ಮಂಗಳವಾರಗಳಂದು ಹುಡುಗಿಯರು ಗುಳ್ಳವ್ವನನ್ನು ಗುಲಗಂಜಿ, ಕುಸುಬಿಗಳಿಂದ ಸಿಂಗರಿಸುವಾಗ ಕಾಳುಗಳ ಗುರುತು ತಾನಾಗಿ ಆಗುತ್ತಿತ್ತು. ನವರಾತ್ರಿಯ ಘಟ್ಟ ಇನ್ನೂ ದೊಡ್ಡ ಪಾಠ. ಕೊಡದ ಸುತ್ತ ಮಣ್ಣು ಹರವಿ, ಕಾಳು ಚೆಲ್ಲಿ, ಒಂಬತ್ತು ದಿನ ನೀರು ಚಿಮುಕಿಸುತ್ತಾರೆ. ಕತ್ತಲ ದೇವರಮನೆಯಲ್ಲಿ ಸಸಿ ಹಳದಿಯಾಗಿ, ಸಪೂರವಾಗಿ ಮೇಲೇಳುತ್ತದೆ. ಹೊಲದ ಸಸಿ ಗಿಡ್ಡ, ಹಸಿರು. ಬೆಳಕು ಗಿಡಕ್ಕೆ ಏನು ಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ಸರಳ ಪ್ರಯೋಗ ಸಿಗದು.

ಬದುಕುಳಿಯುವ ಪಾಠ ಹೇಳುತ್ತಿದ್ದದ್ದು ಹಿಂಗಾರಿ ಜೋಳ. ಇದೇ ಸೀಮೆಯ ಹುನಗುಂದ ಕಡೆಯ ರೈತ ಒಡ್ಡು ಹಾಕಿ ಮಳೆನೀರನ್ನು ಹೊಲದಲ್ಲೇ ಹಿಡಿಯುತ್ತಾನೆ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಬಿತ್ತುತ್ತಾನೆ. ಆಮೇಲೆ ಮಳೆ ಬಾರದಿದ್ದರೂ ಎರೆ ಹಿಡಿದಿಟ್ಟ ತೇವವನ್ನು ಬೇರು ಆಳಕ್ಕಿಳಿದು ಹೀರುತ್ತದೆ. ಸೀಗಿಹುಣ್ಣಿಮೆಗೆ ಭೂತಾಯಿಯ ನೈವೇದ್ಯವಾದ ಚರಗ ಚೆಲ್ಲಲು ಬುತ್ತಿ ಹೊತ್ತು ಹೋದ ಮಕ್ಕಳು ಎಳೆ ಪೈರು ಕಂಡರೆ, ಎಳ್ಳಮಾವಾಸ್ಯೆಯ ಹೊತ್ತಿಗೆ ತೆನೆ ಕಾಣುತ್ತಿದ್ದರು. ಕಾಳು ಹಾಲು ತುಂಬಿದ ಮೇಲೆ ಸುಟ್ಟು ತಿನ್ನುವ ಸೀತನಿ ಇದ್ದೇ ಇತ್ತು.

ಶಾಲೆ ಬೇರೆ ದಾರಿ ಹಿಡಿಯಿತು. ಮುಂಬಯಿ ಆಡಳಿತದ ಕಾಲದ ಕನ್ನಡ ಶಾಲೆಗೆ ಓದು, ಬರಹ, ಲೆಕ್ಕ ಮುಖ್ಯ. ಜರ್ಮನಿಯ ಫ್ರೋಬೆಲ್ 1837ರಲ್ಲಿ ತೆರೆದ ಶಿಶುಶಾಲೆಯ ಪದ್ಧತಿಯಲ್ಲಿ ಮಕ್ಕಳಿಗೆ ತಮ್ಮದೇ ಮಡಿಗಳಿದ್ದವು. ಇಲ್ಲಿಯ ಮಕ್ಕಳಿಗೆ ಹೊಲವೇ ಇತ್ತು, ಅದು ಪಾಠವೆಂದು ಯಾರೂ ಎಣಿಸಲಿಲ್ಲ. ಆಮೇಲೆ ದಾರಿ ನಿಧಾನಕ್ಕೆ ಬದಲಾಯಿತು. 1936ರ ಹೊತ್ತಿಗೆ ಶಿವರಾಮ ಕಾರಂತರ ಮಕ್ಕಳ ವಿಶ್ವಕೋಶ ‘ಬಾಲ ಪ್ರಪಂಚ’ ಬಂತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊಳೆತ, ಚಟುವಟಿಕೆಯಿಂದ ಕಲಿಸುವ ‘ನಲಿ ಕಲಿ’ ಪದ್ಧತಿ 2009ರ ಸುಮಾರಿಗೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. ಪರಿಸರ ಅಧ್ಯಯನ ಈಗ ಒಂದನೆಯ ತರಗತಿಯಿಂದಲೇ ಇದೆ.

ಅಷ್ಟರಲ್ಲಿ ಕೊಟ್ಟಿಗೆಯ ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್ ಬಂದಿದೆ, ಅಚ್ಚಿನ ಮಣ್ಣೆತ್ತು ಪೇಟೆಯಲ್ಲಿ ಸಿಗುತ್ತದೆ. ಆದರೆ ಮಣ್ಣೆತ್ತಿನ ಅಮಾವಾಸ್ಯೆಯೂ ಎಳ್ಳಮಾವಾಸ್ಯೆಯೂ ಶಾಲೆ ನಡೆಯುವ ತಿಂಗಳುಗಳಲ್ಲೇ ಬರುತ್ತವೆ. ಈ ಸಲ ಎಳ್ಳಮಾವಾಸ್ಯೆಯ ಚರಗಕ್ಕೆ ಒಂದನೆಯ, ಎರಡನೆಯ ತರಗತಿಯ ಮಕ್ಕಳ ಜೊತೆ ಅವರ ಮಾಸ್ತರರನ್ನೂ ಅಕ್ಕೋರನ್ನೂ ಹೊಲಕ್ಕೆ ಕರೆಯಿರಿ. ಒಂದು ಜೋಳದ ದಂಟನ್ನು ಬೇರುಸಹಿತ ಕಿತ್ತು ಮಕ್ಕಳ ಕೈಗೆ ಕೊಡಿ.