ವಾಲಿಬಾಲ್: ಸೆಟ್ ಆರಂಭಿಸುವ 6 ಆಟಗಾರರು ಮತ್ತು ಅವರ ಸ್ಥಾನಗಳು

ದಸರಾ ಕ್ರೀಡಾಕೂಟ ಮುಂತಾದ ಸ್ಪರ್ಧೆಗಳಿಗೆ ವಾಲಿಬಾಲ್ ತಂಡವನ್ನು ನೋಂದಾಯಿಸುವ ಯುವಕ, ಯುವತಿ ಮಂಡಳಿಗಳು, ತರಬೇತುದಾರರು ಹಾಗೂ ತಂಡದ ನಾಯಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ತಂಡದ ಪಟ್ಟಿ ಮತ್ತು ಲೈನ್-ಅಪ್ ಚೀಟಿ ಒಂದೇ ಅಲ್ಲವೆಂಬುದನ್ನು ಮೊದಲು ಗಮನಿಸಬೇಕು. ಪಟ್ಟಿಯಲ್ಲಿ ಎಲ್ಲ ಆಟಗಾರರ ಹೆಸರುಗಳಿರುತ್ತವೆ. ಚೀಟಿಯಲ್ಲಿ ಆ ಸೆಟ್ಟನ್ನು ಆರಂಭಿಸುವ 6 ಮಂದಿಯ ಅಂಗಿ ಸಂಖ್ಯೆಗಳನ್ನು ಅವರವರ ಸ್ಥಾನದಲ್ಲಿ ಬರೆದು, ಸಹಿ ಮಾಡಿ, ಪ್ರತಿ ಸೆಟ್‌ಗೆ ಮುನ್ನ ಸಲ್ಲಿಸತಕ್ಕದ್ದು. ಸಲ್ಲಿಸಿದ ನಂತರ ಚೀಟಿಯನ್ನು ತಿದ್ದಲು ಅವಕಾಶವಿರುವುದಿಲ್ಲ. ಬದಲಿ ಆಟಗಾರನನ್ನು ಇಳಿಸುವುದೊಂದೇ ಮಾರ್ಗ.

ನೆಟ್‌ಗೆ ಮುಖಮಾಡಿ ನಿಂತಾಗ ಹಿಂದಿನ ಸಾಲಿನ ಬಲಬದಿ 1ನೇ ಸ್ಥಾನ. ಅದರ ಮುಂದೆ 2, ಮುಂದಿನ ಸಾಲಿನ ನಡುವೆ 3, ಎಡಬದಿಗೆ 4, ಅದರ ಹಿಂದೆ 5, ಹಿಂದಿನ ಸಾಲಿನ ನಡುವೆ 6. ಸರ್ವ್ ಮಾಡುವವರು 1ನೇ ಸ್ಥಾನದವರು. ಎದುರು ತಂಡದ ಸರ್ವ್ ಇದ್ದಾಗ ಅಂಕ ಗೆದ್ದು ಸರ್ವ್ ಪಡೆದ ತಂಡವು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಒಂದು ಸ್ಥಾನ ಸರಿಯಬೇಕು. ಆಗ 2ನೇ ಸ್ಥಾನದವರು 1ಕ್ಕೂ, 1ನೇ ಸ್ಥಾನದವರು 6ಕ್ಕೂ ಬರುತ್ತಾರೆ. ಸಂಖ್ಯೆಗಳು ಏರುವ ದಿಕ್ಕಿಗೆ ವಿರುದ್ಧವಾಗಿ ಆಟಗಾರರು ಸರಿಯುವುದರಿಂದ ಹೊಸ ತಂಡಗಳು ಗೊಂದಲಕ್ಕೀಡಾಗುವುದು ಸಹಜ. ಮುಂದಿನ ಸರ್ವ್ ಯಾರದು ಎಂಬುದನ್ನು ನಾಯಕರಲ್ಲದೆ ಪ್ರತಿಯೊಬ್ಬ ಆಟಗಾರರೂ ತಿಳಿದಿರಬೇಕು.

ನಮ್ಮ ಮೈದಾನಗಳಲ್ಲಿ ಲಿಫ್ಟರ್ ಎನ್ನಲಾಗುವ ಸೆಟ್ಟರ್ 1ರಲ್ಲಿದ್ದರೆ, ಅವರ ಕರ್ಣೀಯ ಸ್ಥಾನವಾದ 4ರಲ್ಲಿ ಬಲಬದಿಯ ಮುಖ್ಯ ಹೊಡೆತಗಾರರನ್ನೂ, 2 ಮತ್ತು 5ರಲ್ಲಿ ಎಡಬದಿಯ ಹೊಡೆತಗಾರರನ್ನೂ, 3 ಮತ್ತು 6ರಲ್ಲಿ ಮಧ್ಯದ ಬ್ಲಾಕರ್‌ಗಳನ್ನೂ ನಿಲ್ಲಿಸುವುದು ರೂಢಿ. ಹೀಗೆ ಜೋಡಿಸಿದರೆ ಎಷ್ಟು ಸಲ ಸರಿದರೂ ಮುಂದಿನ ಸಾಲಿನಲ್ಲಿ ಎಡಬದಿಯ ಒಬ್ಬ ಹೊಡೆತಗಾರ ಮತ್ತು ಒಬ್ಬ ಬ್ಲಾಕರ್ ಇದ್ದೇ ಇರುತ್ತಾರೆ. ಎತ್ತರದ ಮೂವರನ್ನೂ ಒಟ್ಟಿಗೆ ಮುಂದಿನ ಸಾಲಿನಲ್ಲಿ ಬರೆದ ತಂಡವು ಆರಂಭದಲ್ಲಿ ಬಲಿಷ್ಠವಾಗಿ ಕಾಣುತ್ತದೆ. ಮೂರು ಸರದಿ ಕಳೆದ ಮೇಲೆ ನೆಟ್ ಬಳಿ ಬ್ಲಾಕ್ ಮಾಡಲು ಅವರಲ್ಲಿ ಒಬ್ಬರೂ ಉಳಿದಿರುವುದಿಲ್ಲ, ಏಕೆಂದರೆ ಹಿಂದಿನ ಸಾಲಿನವರು ಬ್ಲಾಕ್ ಮಾಡುವಂತಿಲ್ಲ. 3 ಮೀಟರ್ ಗೆರೆಯ ಒಳಗಿನಿಂದ ನೆಟ್‌ಗಿಂತ ಮೇಲಿರುವ ಚೆಂಡನ್ನು ಎದುರು ಅಂಕಣಕ್ಕೆ ಹೊಡೆಯುವಂತಿಲ್ಲ.

ಬೇರೆ ಬಣ್ಣದ ಅಂಗಿ ಧರಿಸುವ ಲಿಬೆರೊ ಆಟಗಾರರ ಸಂಖ್ಯೆಯನ್ನು ಆರಂಭಿಕ 6ರಲ್ಲಿ ಬರೆಯಬಾರದು. ಸ್ಥಾನಗಳ ಪರಿಶೀಲನೆ ಮುಗಿದ ನಂತರ ಅವರು ಹಿಂದಿನ ಸಾಲಿನ ಆಟಗಾರರ ಬದಲಿಗೆ ಒಳಬರಬಹುದು. ಇದು ಬದಲಾವಣೆಯ ಲೆಕ್ಕಕ್ಕೆ ಸೇರುವುದಿಲ್ಲ.

ಸರ್ವ್ ಆಗುವ ಕ್ಷಣದಲ್ಲಿ 3ರಲ್ಲಿರುವವರು 6ರವರಿಗಿಂತ ಮುಂದೆ, 4ರವರು 3ರವರ ಎಡಕ್ಕೆ, ಹೀಗೆ ಪರಸ್ಪರ ಕ್ರಮ ಉಳಿಯಬೇಕು. ಇದನ್ನು ಪಾದಗಳ ಸ್ಥಾನದಿಂದ ನಿರ್ಧರಿಸಲಾಗುತ್ತದೆ. 2025ರಿಂದ ಜಾರಿಗೆ ಬಂದ ಅಂತರರಾಷ್ಟ್ರೀಯ ನಿಯಮಾವಳಿಯಂತೆ ಈ ನಿರ್ಬಂಧ ಸರ್ವ್ ಸ್ವೀಕರಿಸುವ ತಂಡಕ್ಕೆ ಮಾತ್ರ ಅನ್ವಯಿಸುತ್ತದೆ. ಸರ್ವ್‌ನ ಸರದಿ ಮಾತ್ರ ಎರಡೂ ತಂಡಗಳಿಗೆ ಕಡ್ಡಾಯ.

ತಪ್ಪು ಆಟಗಾರ ಸರ್ವ್ ಮಾಡಿದರೆ ಎದುರಾಳಿಗೆ ಒಂದು ಅಂಕ ಮತ್ತು ಸರ್ವ್ ದೊರೆಯುತ್ತದೆ. ತಪ್ಪು ತಡವಾಗಿ ಪತ್ತೆಯಾದಲ್ಲಿ, ಅದು ಆರಂಭವಾದ ಕ್ಷಣ ದಾಖಲೆಯಿಂದ ಸ್ಪಷ್ಟವಾಗಿದ್ದರೆ, ಅಲ್ಲಿಂದ ಆ ತಂಡ ಗಳಿಸಿದ ಅಂಕಗಳೆಲ್ಲ ರದ್ದಾಗುತ್ತವೆ. ಎದುರಾಳಿಯ ಅಂಕಗಳು ಹಾಗೆಯೇ ಉಳಿಯುತ್ತವೆ. ಚೆನ್ನಾಗಿ ಆಡಿ ಗಳಿಸಿದ ಅಂಕಗಳು ಈ ರೀತಿ ಕೈತಪ್ಪಿದರೆ ಮೇಲ್ಮನವಿಗೆ ಆಧಾರವಿರುವುದಿಲ್ಲ.

ಅಂಕಣದಲ್ಲಿ ನಿಂತ ಕ್ರಮಕ್ಕೂ ಚೀಟಿಗೂ ವ್ಯತ್ಯಾಸವಿರುವುದು ಸೆಟ್ ಆರಂಭಕ್ಕೆ ಮುನ್ನವೇ ಕಂಡುಬಂದಲ್ಲಿ ದಂಡನೆಯಿಲ್ಲ; ಆಟಗಾರರು ಚೀಟಿಯಂತೆ ನಿಂತರೆ ಸಾಕು. ಚೀಟಿಯಲ್ಲಿಲ್ಲದ ಆಟಗಾರರನ್ನೇ ಉಳಿಸಿಕೊಳ್ಳಬೇಕಾದರೆ ತರಬೇತುದಾರರು ಬದಲಾವಣೆಯನ್ನು ಕೋರಬೇಕು. ಇದು ಆ ಸೆಟ್‌ಗೆ ಲಭ್ಯವಿರುವ 6 ಬದಲಾವಣೆಗಳಲ್ಲಿ ಒಂದಾಗುತ್ತದೆ. ಆದುದರಿಂದ ಚೀಟಿಯ ಒಂದು ನಕಲನ್ನು ತರಬೇತುದಾರರು ತಮ್ಮ ಬಳಿ ಇಟ್ಟುಕೊಳ್ಳುವುದು ಸೂಕ್ತ.