ಹೆಳವರ ಹೊತ್ತಿಗೆ ಮತ್ತು ಖಾನೇಸುಮಾರಿ: ಬಸವಾಪಟ್ಟಣ ಸೀಮೆಯಿಂದ ವಲಸೆ ಹೋದವರ ವಂಶಶೋಧನೆಯ ಆಕರಗಳು

ಹತ್ತೊಂಬತ್ತನೆಯ ಶತಮಾನದಲ್ಲಿ ಊರು ಬಿಟ್ಟವರ ಜಾಡು ಹಿಡಿಯಲು ಜನಗಣತಿಯ ದಾಖಲೆಗಳನ್ನೂ ಮತದಾರರ ಪಟ್ಟಿಗಳನ್ನೂ ತಿರುವಿ ನೋಡಿದರೆ ಸಾಕೆಂಬ ನಂಬಿಕೆ ಕನ್ನಡದಲ್ಲಿ ಬರುತ್ತಿರುವ ಮನೆತನದ ಚರಿತ್ರೆಗಳಲ್ಲಿ ಬೇರುಬಿಟ್ಟಿದೆ. ಇದು ಇಂಗ್ಲೆಂಡಿನಿಂದ ಬಂದ ಪದ್ಧತಿ. ಅಲ್ಲಿ 1841ರಿಂದೀಚೆಗೆ ಮನೆಮನೆಯ ನಿವಾಸಿಗಳ ಹೆಸರು, ವಯಸ್ಸು, ಕಸುಬುಗಳನ್ನು ಬರೆದುಕೊಂಡ ಗಣತಿಯ ಹಾಳೆಗಳನ್ನು ಕಾಪಿಟ್ಟು, ನೂರು ವರ್ಷ ಕಳೆದ ಮೇಲೆ ಸಾರ್ವಜನಿಕರಿಗೆ ತೆರೆಯುವ ಕ್ರಮವಿರುವುದರಿಂದ, ಒಂದು ಕುಟುಂಬವನ್ನು ಹತ್ತು ಹತ್ತು ವರ್ಷಗಳ ಅಂತರದಲ್ಲಿ ಹೆಸರು ಹಿಡಿದು ಹಿಂಬಾಲಿಸಲು ಸಾಧ್ಯವಾಗುತ್ತದೆ. ಅದೇ ಪದ್ಧತಿಯನ್ನು ಮೈಸೂರು ಸಂಸ್ಥಾನಕ್ಕೆ ಸೇರಿದ್ದ ಬಸವಾಪಟ್ಟಣ, ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಸೀಮೆಗೆ ಅನ್ವಯಿಸಿದವರು ಇಲ್ಲದ ಆಕರವನ್ನು ಇದೆಯೆಂದು ಭಾವಿಸಿದ್ದಾರೆ. ಅದಕ್ಕಿಂತ ಹೆಚ್ಚಿನ ಹಾನಿ ಎಂದರೆ, ಮನೆಬಾಗಿಲಿಗೇ ಬರುತ್ತಿದ್ದ ಆಕರವೊಂದನ್ನು ಭಿಕ್ಷೆಯವರ ಹಾಡೆಂದು ಕಡೆಗಣಿಸಿದ್ದಾರೆ.

ಮೈಸೂರು ಸಂಸ್ಥಾನದಲ್ಲಿ ಶ್ಯಾನುಭೋಗರು ಬರೆದಿಡುತ್ತಿದ್ದ ಖಾನೇಸುಮಾರಿ, ಅಂದರೆ ಮನೆಗಳ ಮತ್ತು ಮನೆಮಂದಿಯ ಲೆಕ್ಕ, ಹಿಂದಿನಿಂದಲೂ ಇದ್ದಿತು. ಕ್ರಮಬದ್ಧವಾದ ಮೊದಲ ಜನಗಣತಿ ನಡೆದದ್ದು 1871ರಲ್ಲಿ, ಅನಂತರದವು 1881ರ ಫೆಬ್ರವರಿ 17, 1891ರ ಫೆಬ್ರವರಿ 26 ಮತ್ತು 1901ರ ಮಾರ್ಚ್ 1ರಂದು. ಈ ಗಣತಿಗಳಲ್ಲಿ ಮನೆಯ ಪ್ರತಿಯೊಬ್ಬರ ವಿವರವನ್ನೂ ಎಣಿಕೆದಾರರು ಹಾಳೆಗಳಲ್ಲಿ ತುಂಬಿದರೆಂಬುದು ನಿಜ. ಆದರೆ ಆ ಹಾಳೆಗಳು ಕೋಷ್ಟಕಗಳನ್ನು ತಯಾರಿಸುವ ಸಾಮಗ್ರಿಗಳಾಗಿದ್ದವೇ ಹೊರತು ಕಾಪಿಡಬೇಕಾದ ದಾಖಲೆಗಳಾಗಿರಲಿಲ್ಲ. ಲೆಕ್ಕ ಮುಗಿದ ಮೇಲೆ ಅವುಗಳನ್ನು ವಿಲೇವಾರಿ ಮಾಡಲಾಯಿತು. 1901ರ ಕ್ರಮವನ್ನು ಹತ್ತಿರದಿಂದ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಆ ವರ್ಷ ಭಾರತದಾದ್ಯಂತ ಚೀಟಿ ಪದ್ಧತಿ ಜಾರಿಗೆ ಬಂದು, ಹಾಳೆಯಲ್ಲಿದ್ದ ಒಬ್ಬೊಬ್ಬ ವ್ಯಕ್ತಿಯ ವಿವರವನ್ನು ಒಂದೊಂದು ಸಣ್ಣ ಚೀಟಿಗೆ ಇಳಿಸಿಕೊಂಡು, ಧರ್ಮವನ್ನು ಚೀಟಿಯ ಬಣ್ಣದಿಂದಲೇ ತಿಳಿಯುವಂತೆ ಮಾಡಿ, ಗುಮಾಸ್ತರು ಆ ಚೀಟಿಗಳನ್ನು ವಯಸ್ಸು, ಜಾತಿ, ಕಸುಬು, ಹುಟ್ಟಿದ ಜಿಲ್ಲೆಗಳ ಪ್ರಕಾರ ಮತ್ತೆ ಮತ್ತೆ ಗೂಡುಗಳಿಗೆ ಹಂಚಿ ಎಣಿಸಿದರು. ಈ ಎಣಿಕೆಗೆ ಹೆಸರು ಬೇಕಿರಲಿಲ್ಲ. ಹುಟ್ಟಿದ ಸ್ಥಳದ ಕೋಷ್ಟಕವಾದರೂ ಜಿಲ್ಲೆಯ ಮಟ್ಟದಲ್ಲೇ ನಿಲ್ಲುತ್ತದೆ. ಶಿವಮೊಗ್ಗ ಜಿಲ್ಲೆಯಲ್ಲಿ ಹುಟ್ಟಿದವರು ಎಂಬಲ್ಲಿಗೆ ಮಾತು ಮುಗಿಯುವುದರಿಂದ ಬಸವಾಪಟ್ಟಣದವನನ್ನು ಸಾಗರದವನಿಂದ ಬೇರ್ಪಡಿಸಲು ಅದರಿಂದ ಆಗದು. ಹೀಗಿರುವಾಗ 1881ರ ಗಣತಿಯಲ್ಲಿ ಇಂಥವರ ಹೆಸರಿದೆ ಎಂದು ಬರೆಯುವ ಮನೆತನ ಚರಿತ್ರೆ ಯಾವ ಹಾಳೆಯನ್ನು ನೋಡಿ ಬರೆಯಿತೆಂದು ಕೇಳಲೇಬೇಕಾಗುತ್ತದೆ.

ಗಣತಿಯಿಂದ ಹೆಸರು ಸಿಗದಿದ್ದರೂ ಒಂದು ಸಂಖ್ಯೆ ಸಿಗುತ್ತದೆ, ಮತ್ತು ತಪ್ಪು ಓದು ಬೆಳೆದದ್ದು ಆ ಸಂಖ್ಯೆಯಿಂದಲೇ. 1871ರಲ್ಲಿ 50,55,412 ಇದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿಯಿತು, ವ್ಯತ್ಯಾಸ 8,69,224. ನಡುವೆ 1876ರಿಂದ 1878ರವರೆಗಿನ ಮಹಾಕ್ಷಾಮ ಬಂದುಹೋಗಿದ್ದರಿಂದ, ಈ ವ್ಯತ್ಯಾಸವನ್ನೇ ಸತ್ತವರ ಲೆಕ್ಕವೆಂದು ಹಿಡಿದು, ಆ ಕಾಲದಲ್ಲಿ ವಂಶಾವಳಿಯಿಂದ ಕಾಣೆಯಾದ ಪ್ರತಿಯೊಬ್ಬರನ್ನೂ ಕ್ಷಾಮಕ್ಕೆ ಬಲಿಯಾದವರೆಂದು ಬರೆಯುವುದು ರೂಢಿಯಾಗಿದೆ. ಆದರೆ ಈ ಸಂಖ್ಯೆಯಲ್ಲಿ ಸತ್ತವರು, ಹುಟ್ಟದೆ ಹೋದವರು, ಹೊರಗೆ ಹೋದವರು ಮೂವರೂ ಕಲಸಿಹೋಗಿದ್ದಾರೆ. ಹತ್ತು ವರ್ಷಗಳಲ್ಲಿ ಸಹಜವಾಗಿ ಹುಟ್ಟಿದವರನ್ನು ಸೇರಿಸಿಕೊಂಡರೆ ನಿಜವಾದ ನಷ್ಟ ಇದಕ್ಕಿಂತ ದೊಡ್ಡದು. ಜೊತೆಗೆ ಕ್ಷಾಮದ ಹೊಡೆತ ಎಲ್ಲೆಡೆ ಒಂದೇ ಸಮನಾಗಿರಲಿಲ್ಲ. ಚಿತ್ರದುರ್ಗ, ತುಮಕೂರು, ಕೋಲಾರಗಳ ಬಯಲುನಾಡು ತತ್ತರಿಸಿದಷ್ಟು ಶಿವಮೊಗ್ಗದ ಮಲೆನಾಡು ತತ್ತರಿಸಲಿಲ್ಲ. ಜಗಳೂರು ಆ ಬಯಲಿನ ಒಣ ಭೂಮಿಗೆ ಸೇರಿದ್ದರೆ, ಆಗ ಶಿವಮೊಗ್ಗ ಜಿಲ್ಲೆಯಲ್ಲಿದ್ದ, ಬಸವಾಪಟ್ಟಣವನ್ನು ಒಳಗೊಂಡ ಚನ್ನಗಿರಿ ತಾಲ್ಲೂಕು ಮಲೆನಾಡು ಮುಗಿದು ಬಯಲು ಶುರುವಾಗುವ ಅಂಚಿನಲ್ಲಿದೆ. ಸಂಸ್ಥಾನದ ಸರಾಸರಿಯನ್ನು ತಂದು ಬಸವಾಪಟ್ಟಣದ ಒಂದು ಮನೆಯ ಮೇಲೆ ಹೊರಿಸುವುದು ಲೆಕ್ಕದ ದೃಷ್ಟಿಯಿಂದಲೂ ನಿಲ್ಲುವುದಿಲ್ಲ.

ಇಲ್ಲಿ ನಿರ್ಣಾಯಕವಾಗುವ ಆಕರ ಹೆಳವರದು. ಹೆಳವರೆಂದರೆ ಲಿಂಗಾಯತ, ಕುರುಬ, ರೆಡ್ಡಿ ಮೊದಲಾದ ಒಕ್ಕಲುತನದ ಮನೆಗಳ ವಂಶಾವಳಿಯನ್ನು ತಲೆತಲಾಂತರದಿಂದ ಕಾಯ್ದುಕೊಂಡು ಬಂದ ಸಮುದಾಯ. ಸುಗ್ಗಿಯ ನಂತರ ಎತ್ತಿನ ಮೇಲೆ ಬಂದು, ಮನೆಯ ಮುಂದೆ ನಿಂತು ಮೂಲಪುರುಷನಿಂದ ಹಿಡಿದು ಈಗಿನ ಮಕ್ಕಳವರೆಗೆ ಹೆಸರು ಹೇಳಿ, ಹಿಂದಿನ ಸಲ ಬಂದುಹೋದ ಮೇಲೆ ಹುಟ್ಟಿದವರ ಹೆಸರು ಸೇರಿಸಿಕೊಂಡು, ಕಾಳು, ಬಟ್ಟೆ, ಕೆಲವೊಮ್ಮೆ ದನಕರುಗಳನ್ನು ಪಡೆದು ಮುಂದಿನ ಊರಿಗೆ ಹೋಗುವುದು ಅವರ ವೃತ್ತಿಧರ್ಮ. ಓಲೆಗರಿ, ತಾಮ್ರಪಟಗಳಿಂದ ಕಾಗದದ ಹೊತ್ತಿಗೆಗಳವರೆಗೆ ಅವರ ಬರಹದ ಸಾಮಗ್ರಿ ಬದಲಾಗುತ್ತ ಬಂದಿದೆ. ಎಡ್ಗರ್ ಥರ್ಸ್ಟನ್ ಕೆ. ರಂಗಾಚಾರಿಯವರ ನೆರವಿನಿಂದ ಸಂಪಾದಿಸಿ 1909ರಲ್ಲಿ ಏಳು ಸಂಪುಟಗಳಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಗ್ರಂಥದಲ್ಲಿ ಹೆಳವರ ಬಗೆಗೆ ಒಂದು ಚಿಕ್ಕ ಟಿಪ್ಪಣಿಯಿದೆ. ಅದರಲ್ಲಿ ಅವರು ಭಿಕ್ಷುಕರ ಒಂದು ವರ್ಗ ಎಂಬ ಮಾತೂ ಇದೆ, ಬಳ್ಳಾರಿ ಮೈಸೂರು ಮುಂತಾದೆಡೆ ಹಳ್ಳಿಗಳ ಚರಿತ್ರೆಯನ್ನು ಕಾಯುವವರು ಎಂಬ ಮಾತೂ ಇದೆ. ಮುಂದಿನವರು ಮೊದಲ ಮಾತನ್ನು ಹಿಡಿದುಕೊಂಡು ಎರಡನೆಯದನ್ನು ಬಿಟ್ಟರು. ಹೆಳವರನ್ನು ಜಾನಪದ ಕಲಾವಿದರ ಸಾಲಿನಲ್ಲಿ ನಿಲ್ಲಿಸಿ ಗೌರವಿಸಿದವರೂ, ಅವರ ಹೇಳಿಕೆಯನ್ನು ಚರಿತ್ರೆಯ ಆಧಾರವಾಗಿ ಒಪ್ಪದೆ ಹೋದದ್ದಕ್ಕೆ ಈ ಅರ್ಧ ಓದೇ ಕಾರಣ.

ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ವಂಶಾವಳಿಯ ಮೇಲಿನ ತಲೆಮಾರುಗಳು ಹನ್ನೆರಡನೆಯ ಶತಮಾನದ ಕಲ್ಯಾಣಕ್ಕೋ ಯಾವುದಾದರೂ ಪುರಾಣಪುರುಷನಿಗೋ ಹೋಗಿ ಸೇರುವುದುಂಟು. ಅಲ್ಲಿ ಚರಿತ್ರೆಯನ್ನು ಹುಡುಕಬಾರದು. ಆದರೆ ಹತ್ತೊಂಬತ್ತನೆಯ ಶತಮಾನ ಹೆಳವನಿಗೆ ಪುರಾಣಕಾಲವಲ್ಲ, ಅವನ ಅಜ್ಜನೋ ಮುತ್ತಜ್ಜನೋ ಅದೇ ಮನೆಯ ಮುಂದೆ ನಿಂತು ಬರೆದುಕೊಂಡ ಕಾಲ. ಇನ್ನೂ ಮುಖ್ಯವಾದದ್ದು, ಮನೆತನದ ಒಂದು ಕವಲು ಎಲ್ಲಿಗೆ ಹೋಗಿ ನೆಲೆಸಿತೆಂಬುದನ್ನು ಸರಿಯಾಗಿ ತಿಳಿದಿರುವುದರಲ್ಲಿ ಹೆಳವನ ಅನ್ನವಿದೆ. ಅಣ್ಣ ಬಸವಾಪಟ್ಟಣದಲ್ಲಿ ಉಳಿದು ತಮ್ಮ ನ್ಯಾಮತಿಗೋ ತುಂಗಭದ್ರೆಯಾಚೆಯ ರಾಣೆಬೆನ್ನೂರಿಗೋ ಹೋದರೆ ಹೆಳವನೂ ಆ ದಾರಿ ಹಿಡಿಯಬೇಕು. ತಪ್ಪು ಊರು ಬರೆದುಕೊಂಡರೆ ಒಂದು ಒಕ್ಕಲು ಕೈಬಿಡುತ್ತದೆ. ಗಣತಿಯ ಎಣಿಕೆದಾರನಿಗೆ ಇಂಥ ಯಾವ ಹೊಣೆಯೂ ಇರಲಿಲ್ಲ. ಆಕರದ ವಿಶ್ವಾಸಾರ್ಹತೆಯನ್ನು ಬರೆದವನ ಹಿತಾಸಕ್ತಿಯಿಂದ ಅಳೆಯುವುದು ಇತಿಹಾಸದ ಸಾಮಾನ್ಯ ನಿಯಮವಾಗಿರುವಾಗ, ವಲಸೆಯ ವಿಷಯದಲ್ಲಿ ಆ ನಿಯಮ ಹೆಳವನ ಪರವಾಗಿಯೇ ತೀರ್ಪು ಕೊಡುತ್ತದೆ.

ತೊಡಕು ಬರುವುದು ಕಡಲು ದಾಟಿದವನ ವಿಷಯದಲ್ಲಿ. ಹೆಳವ ಅಲ್ಲಿಗೆ ಹೋಗಲಾರ; ಆ ಕವಲು ಅವನ ಪಾಲಿಗೆ ಮುಗಿದಂತೆ. ಆದ್ದರಿಂದ ನಾಲ್ವರು ಅಣ್ಣತಮ್ಮಂದಿರಲ್ಲಿ ಮೂವರಿಗೆ ಸಂತತಿ ಬರೆದು ನಾಲ್ಕನೆಯವನ ಹೆಸರು ಮಾತ್ರ ಹೇಳಿ ನಿಲ್ಲಿಸಿದರೆ, ಆ ಮೌನಕ್ಕೆ ಕನಿಷ್ಠ ಮೂರು ಅರ್ಥಗಳು ಸಾಧ್ಯ: ಅವನು ಸಂತಾನವಿಲ್ಲದೆ ಸತ್ತಿರಬಹುದು, ಬೇರೊಂದು ಮನೆಗೆ ದತ್ತು ಹೋಗಿರಬಹುದು, ಹೆಳವನ ದಾರಿಗೆ ಸಿಗದಷ್ಟು ದೂರ ಹೋಗಿರಬಹುದು. ಕ್ಷಾಮದ ಸಂಖ್ಯೆಯನ್ನು ತಲೆಯಲ್ಲಿಟ್ಟುಕೊಂಡವರು ಮೊದಲನೆಯದನ್ನೇ ಆರಿಸಿಕೊಂಡು ಮುಂದೆ ಸಾಗಿದ್ದಾರೆ. ಈ ಮೂರರಲ್ಲಿ ಯಾವುದೆಂದು ತೀರ್ಮಾನಿಸಲು ಕಂದಾಯದ ದಾಖಲೆಗಳ ಸಾಕ್ಷ್ಯ ಇದ್ದೂ ಅದನ್ನು ಕೇಳದಿರುವುದು ಕ್ಷಮಿಸಬಹುದಾದ ಲೋಪವಲ್ಲ.

ಮೈಸೂರಿನಲ್ಲಿ ಬೊಂಬಾಯಿ ಮಾದರಿಯ ಭೂಮಾಪನ ಮತ್ತು ಕಂದಾಯ ನಿಗದಿಯ ಕೆಲಸ 1863ರಲ್ಲಿ ಆರಂಭವಾಯಿತು. ಈ ಪದ್ಧತಿಯಲ್ಲಿ ಪ್ರತಿ ಸರ್ವೆ ನಂಬರಿಗೂ ಒಬ್ಬ ಖಾತೆದಾರ. ಅವನು ಸತ್ತರೆ ಜಮೀನು ವಾರಸುದಾರನ ಹೆಸರಿಗೆ ಪೌತಿ ಖಾತೆಯಾಗಿ ಬದಲಾಗುತ್ತದೆ, ಬದುಕಿರುವಾಗಲೇ ಜಮೀನು ಬಿಟ್ಟರೆ ಸರ್ಕಾರಕ್ಕೆ ರಾಜೀನಾಮೆ ಬರೆದುಕೊಡಬೇಕು. ಅಂದರೆ ಹೆಳವನ ಹೊತ್ತಿಗೆಯಲ್ಲಿ ನಿಂತುಹೋದ ಹೆಸರು ಗ್ರಾಮದ ಲೆಕ್ಕದಲ್ಲಿ ಪೌತಿಯಿಂದ ಹೋಗಿದೆಯೋ ರಾಜೀನಾಮೆಯಿಂದ ಹೋಗಿದೆಯೋ ಎಂದು ನೋಡಿದರೆ ಮೌನದ ಅರ್ಥ ಕಿರಿದಾಗುತ್ತದೆ. ರಾಜೀನಾಮೆಯೊಂದೇ ವಲಸೆಗೆ ಪುರಾವೆಯಾಗದು ಎಂಬುದನ್ನು ಒಪ್ಪಬೇಕು: ಮಳೆಯಿಲ್ಲದ ವರ್ಷ ಕಿಸ್ತು ಕಟ್ಟಲಾಗದೆ ಜಮೀನು ಬಿಟ್ಟು ಅದೇ ಊರಿನಲ್ಲಿ ಕೂಲಿಗೆ ನಿಂತವರೂ ಇದ್ದರು, ಬಾಕಿಗಾಗಿ ಜಮೀನು ಹರಾಜಾದವರೂ ಇದ್ದರು. ಆದರೂ ಪೌತಿಯಿಲ್ಲದ ರಾಜೀನಾಮೆ ಸಿಕ್ಕ ಮೇಲೆ ಆ ವ್ಯಕ್ತಿ ಕ್ಷಾಮದಲ್ಲಿ ಸತ್ತನೆಂದು ಬರೆಯುವವರೇ ತಮ್ಮ ಮಾತಿಗೆ ಪುರಾವೆ ಒದಗಿಸಬೇಕಾಗುತ್ತದೆ. ಇಲ್ಲಿ ಜಿಲ್ಲೆ ತಾಲ್ಲೂಕುಗಳ ಗಡಿಗಳ ಎಚ್ಚರವೂ ಬೇಕು. ಈಗಿನ ಜಗಳೂರಿನ ಸೀಮೆ ಹಳೆಯ ದಾಖಲೆಗಳಲ್ಲಿ ಕಣಕುಪ್ಪೆ ತಾಲ್ಲೂಕಾಗಿದೆ, ನ್ಯಾಮತಿ ಹೊನ್ನಾಳಿಯೊಳಗಿದೆ. ಚನ್ನಗಿರಿ ಹೊನ್ನಾಳಿಗಳು ದಾವಣಗೆರೆ ಜಿಲ್ಲೆಗೆ ಬಂದದ್ದು 1997ರಲ್ಲಿ.

ಮತದಾರರ ಪಟ್ಟಿಗಳ ವಿಷಯಕ್ಕೆ ಬಂದರೆ ಹೇಳಬೇಕಾದದ್ದು ಕಡಿಮೆ, ಆದರೆ ಅದರಲ್ಲೊಂದು ಸಂಗತಿಯನ್ನು ಕನ್ನಡಿಗರು ಗಮನಿಸಿದ್ದು ಇನ್ನೂ ಕಡಿಮೆ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಆರಂಭಿಸಿದ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಮೊದಲ ಹತ್ತು ವರ್ಷ ಚುನಾವಣೆಯೇ ಇರಲಿಲ್ಲ. 1891ರಲ್ಲಿ ಬಂದ ಮತದ ಹಕ್ಕು ದೊಡ್ಡ ಮೊತ್ತದ ಕಂದಾಯ ಅಥವಾ ಮೊಹತರ್ಫಾ, ಅಂದರೆ ಮನೆ ಅಂಗಡಿಗಳ ತೆರಿಗೆ, ಕಟ್ಟುವವರಿಗೂ ಪದವೀಧರರಿಗೂ ಸೀಮಿತವಾಗಿತ್ತು; ಹೊಟ್ಟೆಪಾಡಿಗೆ ಊರು ಬಿಟ್ಟವನ ಹೆಸರು ಅಲ್ಲಿ ಇರುವ ಪ್ರಶ್ನೆಯೇ ಏಳುವುದಿಲ್ಲ. ಕಡಲು ದಾಟಿದವರಲ್ಲಿ ಕೆಲವರು ಹೋಗಿ ಸೇರಿದ, ದಕ್ಷಿಣ ಆಫ್ರಿಕದ ಬ್ರಿಟಿಷ್ ವಸಾಹತಾಗಿದ್ದ ನೇಟಾಲಿನಲ್ಲೂ ಸ್ಥಿತಿ ಇದೇ. 1891ರ ಗಣತಿಯಲ್ಲಿ ಅಲ್ಲಿ 41,142 ಭಾರತೀಯರಿದ್ದರು. 1895ರಲ್ಲಿ ಗಾಂಧಿಯವರು ಮತದ ಹಕ್ಕಿನ ಬಗೆಗೆ ಪ್ರಕಟಿಸಿದ ಕಿರುಹೊತ್ತಿಗೆಯ ಪ್ರಕಾರ 9,309 ಐರೋಪ್ಯ ಮತದಾರರ ಎದುರು ಭಾರತೀಯ ಮತದಾರರು 251 ಮಂದಿ. ಈ ಪಟ್ಟಿಯ ದಾರಿಯೂ 1896ರ ಕಾಯಿದೆಯಿಂದ ಮುಚ್ಚಿಹೋಯಿತು; ಸಂಸದೀಯ ಮತದಾನದ ಮೇಲೆ ನಿಂತ ಪ್ರಾತಿನಿಧಿಕ ಸಂಸ್ಥೆಗಳಿಲ್ಲದ ದೇಶದವರಿಗೆ ಮತವಿಲ್ಲವೆಂಬುದು ಅದರ ತಿರುಳು. ಇದಕ್ಕೆ ಎರಡು ವರ್ಷ ಮೊದಲೇ, 1894ರಲ್ಲಿ, ನೇಟಾಲಿನ ಶಾಸನಸಭೆಗೆ ಸಲ್ಲಿಸಿದ ಮನವಿಯಲ್ಲಿ ಗಾಂಧಿಯವರು ಭಾರತೀಯರಿಗೆ ಪ್ರಾತಿನಿಧಿಕ ಆಡಳಿತ ಹೊಸದಲ್ಲವೆಂಬುದಕ್ಕೆ ಮೈಸೂರಿನ ಸಭೆಯನ್ನೇ ಉದಾಹರಣೆಯಾಗಿ ಮುಂದಿಟ್ಟಿದ್ದರು. ಸಭೆಯ ಅಧಿಕಾರ ಸಲಹೆಯ ಮಟ್ಟದ್ದಾಗಿದ್ದರಿಂದ ಆ ಉದಾಹರಣೆಗೆ ಅವರು ಕೊಟ್ಟ ಬಲ ತುಸು ಹೆಚ್ಚೇ. ಆದರೂ ಮೈಸೂರಿನಿಂದ ಹೋದ ಕೂಲಿಗೆ ತನ್ನ ಊರಿನಲ್ಲಿ ಎಟುಕದ ಸಭೆಯೊಂದು ಕಡಲಾಚೆ ಅವನ ಹಕ್ಕಿನ ವಾದಕ್ಕೆ ಒದಗಿಬಂದದ್ದು ಇಲ್ಲಿ ದಾಖಲಾಗಲೇಬೇಕು. ಊರಿನ ಎಲ್ಲ ವಯಸ್ಕರ ಹೆಸರು ತಂದೆಯ ಅಥವಾ ಗಂಡನ ಹೆಸರಿನೊಡನೆ ಸಿಗುವ ಪಟ್ಟಿ ಸಿದ್ಧವಾದದ್ದು 1951–52ರ ಮಹಾಚುನಾವಣೆಗೆ. ಅದು ಉಳಿದವರ ಮೊಮ್ಮಕ್ಕಳನ್ನು ಗುರುತಿಸಲು ನೆರವಾಗುತ್ತದೆ, ಹೋದವನನ್ನಲ್ಲ.

ಹೋದವನ ಹೆಸರು ಇರುವುದು ಹಡಗಿನ ಪಟ್ಟಿಯಲ್ಲಿ. ನಿಗದಿತ ವರ್ಷಗಳ ದುಡಿಮೆಗೆ ಕರಾರು ಬರೆದುಕೊಟ್ಟು ಹೋದವರನ್ನು ಕರಾರುಬದ್ಧ ಕೂಲಿಗಳೆನ್ನುತ್ತಾರೆ. 1860ರಿಂದ 1911ರವರೆಗೆ ನೇಟಾಲಿಗೆ ಹೀಗೆ ಹೋದ 1,52,184 ಜನರ ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಜಿಲ್ಲೆ, ಠಾಣೆ, ಊರುಗಳ ಅಂಕಣಗಳುಳ್ಳ ಪಟ್ಟಿಗಳು ಉಳಿದಿವೆ. ಮಾರಿಷಸ್ಸಿಗೆ ಹೋದವರ ದಾಖಲೆಗಳು ಮೋಕಾದ ಮಹಾತ್ಮ ಗಾಂಧಿ ಸಂಸ್ಥೆಯಲ್ಲಿವೆ. ಅನೇಕರ ಭಾವಚಿತ್ರಗಳೂ ಅವುಗಳೊಡನಿವೆ. ನೇಟಾಲಿನಲ್ಲಿ ಪ್ರತಿಯೊಬ್ಬನಿಗೂ ಕೊಡುತ್ತಿದ್ದ ವಸಾಹತು ಸಂಖ್ಯೆ ಅವನ ಮುಂದಿನ ದಾಖಲೆಗಳಲ್ಲೆಲ್ಲ ಹಿಂಬಾಲಿಸುವುದರಿಂದ, ಅಲ್ಲಿನ ವಂಶಜರು ಆ ಸಂಖ್ಯೆಯಿಂದ ಹಿಂದಕ್ಕೆ ಊರಿನ ಹೆಸರಿನವರೆಗೆ ಬರಬಲ್ಲರು. ಊರಿನ ಅಂಕಣದಲ್ಲಿ ಬಸವಾಪಟ್ಟಣವೆಂದು ಓದಬಹುದಾದ ಹೆಸರು ಕಂಡಾಗ ಅವಸರ ಸಲ್ಲದು. ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನಲ್ಲೂ ಒಂದು ಬಸವಾಪಟ್ಟಣವಿದೆ. ಒಂದು ಕಾಲಕ್ಕೆ ಶಿರಾ ಸುಬಾದ ಏಳು ಪರಗಣಗಳಲ್ಲಿ ಒಂದಕ್ಕೆ ಹೆಸರು ಕೊಟ್ಟ ಊರೆಂಬ ಕಾರಣಕ್ಕೆ ಚನ್ನಗಿರಿಯ ಬಸವಾಪಟ್ಟಣವನ್ನೇ ಆರಿಸಿಕೊಳ್ಳುವುದು ಅಭಿಮಾನವಾದೀತೇ ಹೊರತು ವಾದವಾಗದು. ಜಿಲ್ಲೆಯ ಅಂಕಣದಲ್ಲಿ ಮೈಸೂರು ಎಂದಿದ್ದರೆ ಅದು ನಗರವೋ, ಜಿಲ್ಲೆಯೋ, ಇಡೀ ಸಂಸ್ಥಾನವೋ ಎಂದು ಮದರಾಸಿನ ಬಂದರಿನ ಗುಮಾಸ್ತ ವಿಂಗಡಿಸುತ್ತಿರಲಿಲ್ಲ. ಠಾಣೆಯ ಅಂಕಣದಲ್ಲಿ ಚನ್ನಗಿರಿ ಅಥವಾ ಶಿವಮೊಗ್ಗ ಸಿಕ್ಕರೆ ಮಾತ್ರ ಮುಂದಿನ ಹೆಜ್ಜೆಗೆ ಆಧಾರವಿದೆ. ತಂದೆಯ ಹೆಸರು ಹೆಳವನ ಹೊತ್ತಿಗೆಯೊಡನೆಯೂ, ವರ್ಷ ರಾಜೀನಾಮೆಯ ವರ್ಷದೊಡನೆಯೂ ಹೊಂದಿದಾಗ ಗುರುತು ಸಿದ್ಧವಾಗುತ್ತದೆ. ಎರಡರಲ್ಲಿ ಒಂದೇ ಹೊಂದಿದರೆ ಅದು ಸಂಭವನೀಯ ಮಾತ್ರ.

ಹೆಳವರ ಹೊತ್ತಿಗೆಗೂ ಒಂದು ದೊಡ್ಡ ಮಿತಿಯಿದೆ. ಹಡಗು ಹತ್ತಿದವರಲ್ಲಿ ಹಲವರು ಜಮೀನಿಲ್ಲದವರು, ಅಸ್ಪೃಶ್ಯರೆಂದು ದೂರವಿಡಲ್ಪಟ್ಟ ಜಾತಿಗಳವರು; ಅವರ ಮನೆ ಮುಂದೆ ಹೆಳವ ಎತ್ತು ನಿಲ್ಲಿಸುತ್ತಿರಲಿಲ್ಲ, ಖಾತೆಯಿಲ್ಲದ್ದರಿಂದ ಪೌತಿಯೂ ರಾಜೀನಾಮೆಯೂ ಅವರಿಗೆ ಅನ್ವಯಿಸುತ್ತಿರಲಿಲ್ಲ. ಹೆಣ್ಣುಮಕ್ಕಳ ಹೆಸರುಗಳಂತೂ ಗಂಡಸರ ಸಾಲನ್ನೇ ಹಿಡಿದು ಸಾಗುವ ವಂಶಾವಳಿಯಲ್ಲಿ ಅಪರೂಪ. ಬಸವಾಪಟ್ಟಣದ ಹೊರಕೇರಿಯಿಂದ ಹೋದ ಹೆಂಗಸೊಬ್ಬಳಿಗೆ ಹಡಗಿನ ಪಟ್ಟಿಯ ಆ ಒಂದು ಸಾಲು, ಅದರಲ್ಲಿರುವ ಅವಳ ಸ್ವಂತ ಹೆಸರು ಮತ್ತು ತಂದೆಯ ಹೆಸರು, ಊರಿನ ಯಾವ ದಾಖಲೆಯೂ ಕೊಡದಿದ್ದ ಸಾಕ್ಷ್ಯ. ಅಂಥವಳ ವಂಶಜರಿಗೆ ಊರಿನ ದಾಖಲೆಗಳನ್ನು ತಂದು ಹೊಂದಿಸಿರಿ ಎಂದು ಕೇಳುವ ಹಕ್ಕು ಈ ಕಡೆಯ ವಿದ್ವಾಂಸರಿಗಿಲ್ಲ. ಅವಳ ಮಟ್ಟಿಗೆ ಹಡಗಿನ ಪಟ್ಟಿಯನ್ನೇ ಪೂರ್ಣ ಪ್ರಮಾಣವೆಂದು ಸ್ವೀಕರಿಸಬೇಕು.