ಹಳೆಯ ಎಲೆಗಳ ಮುಗಿಯದ ಜಗಳ

ಇಸ್ಪೀಟಾಟದಲ್ಲಿ ಎಲ್ಲರಿಗೂ ಸೇರಿ ಕಟ್ಟು ಒಂದೇ. 52 ಎಲೆಗಳನ್ನು ಕಲಸಿ ಹಂಚಿದ ಮೇಲೆ ಕೈಗೆ ಬಂದದ್ದು ಅವರವರ ಹಣೆಬರಹ. ಅಮೆರಿಕದಲ್ಲಿ ಹುಟ್ಟಿದ ‘ಮ್ಯಾಜಿಕ್: ದಿ ಗ್ಯಾದರಿಂಗ್’ ಎಂಬ ಎಲೆಯಾಟದ ರೀತಿಯೇ ಬೇರೆ. ಇಲ್ಲಿ ಆಟಗಾರ ತನ್ನ ಕಟ್ಟನ್ನು ತಾನೇ ಜೋಡಿಸಿಕೊಂಡು ಬರುತ್ತಾನೆ. ಸಾವಿರಾರು ಬಗೆಯ ಎಲೆಗಳಲ್ಲಿ ಯಾವ 60 ಬೇಕು ಎಂದು ತೀರ್ಮಾನಿಸುವುದರಲ್ಲೇ ಅರ್ಧ ಆಟ ಮುಗಿದಿರುತ್ತದೆ. ಉಳಿದರ್ಧ ಮಾತ್ರ ಮೇಜಿನ ಮೇಲೆ.

ಈ ಆಟವನ್ನು ರೂಪಿಸಿದವರು ಗಣಿತದಲ್ಲಿ ಡಾಕ್ಟರೇಟ್ ಪಡೆದ ರಿಚರ್ಡ್ ಗಾರ್ಫೀಲ್ಡ್. ಸಿಯಾಟಲ್ ಬಳಿಯ ವಿಜಾರ್ಡ್ಸ್ ಆಫ್ ದಿ ಕೋಸ್ಟ್ ಎಂಬ ಪುಟ್ಟ ಸಂಸ್ಥೆ 1993ರ ಆಗಸ್ಟ್‌ನಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಇಬ್ಬರು ಮಾಂತ್ರಿಕರ ಕಾಳಗದ ಕಲ್ಪನೆ ಇದು. ಒಬ್ಬೊಬ್ಬರಿಗೂ 20 ಅಂಕಗಳ ಆಯಸ್ಸು. ನೆಲದ ಎಲೆಗಳಿಂದ ಬಲ ಪಡೆದು, ಆ ಬಲದಿಂದ ಮಂತ್ರ ಹಾಕಿ, ಪ್ರಾಣಿ-ದೇವತೆಗಳನ್ನು ಕರೆದು ಎದುರಾಳಿಯ ಆಯಸ್ಸನ್ನು ಸೊನ್ನೆಗೆ ಇಳಿಸಬೇಕು. ‘ಆಲ್ಫಾ’ ಎಂದು ಹೆಸರಾದ ಮೊದಲ ಮುದ್ರಣದಲ್ಲಿ ಬಂದದ್ದು ಸುಮಾರು 26 ಲಕ್ಷ ಎಲೆಗಳು. ಅತಿ ಅಪರೂಪದ ಎಲೆಗಳು ತಲಾ 1,100ರಷ್ಟು ಮಾತ್ರ.

ಒಬ್ಬೊಬ್ಬರು ಒಂದೆರಡು ಪೊಟ್ಟಣ ಕೊಂಡಾರು, ಪ್ರಬಲವಾದ ಎಲೆ ಊರಿಗೊಂದೋ ಎರಡೋ ಇದ್ದೀತು ಎಂಬುದು ಗಾರ್ಫೀಲ್ಡ್ ಅವರ ಎಣಿಕೆಯಾಗಿತ್ತು. ಆದ್ದರಿಂದಲೇ ಮೊದಲಿಗೆ 40 ಎಲೆಗಳಿದ್ದರೆ ಸಾಕಿತ್ತು; ಒಂದೇ ಎಲೆಯನ್ನು ಎಷ್ಟು ಬೇಕಾದರೂ ತುಂಬಬಹುದಿತ್ತು. ಜನ ಪೆಟ್ಟಿಗೆಗಟ್ಟಲೆ ಕೊಳ್ಳತೊಡಗಿದಾಗ ಎಣಿಕೆ ತಲೆಕೆಳಗಾಯಿತು. 1994ರ ಜನವರಿಯಲ್ಲಿ ನಿಯಮ ಬಿಗಿಯಾಯಿತು. ಕಟ್ಟಿನಲ್ಲಿ ಕನಿಷ್ಠ 60 ಎಲೆ ಇರಬೇಕು, ನೆಲದ ಸಾಮಾನ್ಯ ಎಲೆಗಳನ್ನು ಬಿಟ್ಟು ಬೇರಾವುದೂ ನಾಲ್ಕಕ್ಕಿಂತ ಹೆಚ್ಚಿರಬಾರದು, ಅತಿ ಪ್ರಬಲವಾದವು ಒಂದೊಂದೇ ಇರಬೇಕು. ಪುಕ್ಕಟೆಯಾಗಿ ಮೂರು ಪಾಲು ಬಲ ಕೊಡುವ ‘ಬ್ಲ್ಯಾಕ್ ಲೋಟಸ್’, ಮತ್ತೊಂದು ಸರದಿಯನ್ನೇ ದಕ್ಕಿಸುವ ‘ಟೈಮ್ ವಾಕ್’ ಮುಂತಾದ ಒಂಬತ್ತು ಎಲೆಗಳಿಗೆ ಆಮೇಲೆ ‘ಪವರ್ ನೈನ್’ ಎಂಬ ಬಿರುದೇ ಬಂತು.

ಯಾವ ಕಟ್ಟು ಮೇಲು ಎಂಬ ವಾದಕ್ಕೆ 1994ರ ಆಗಸ್ಟ್‌ನಲ್ಲಿ ಮಿಲ್ವಾಕಿಯಲ್ಲಿ ನಡೆದ ಮೊದಲ ವಿಶ್ವ ಚಾಂಪಿಯನ್‌ಷಿಪ್ ಒಳ್ಳೆಯ ನಿದರ್ಶನ. ಅಂತಿಮ ಪಂದ್ಯದಲ್ಲಿ ಫ್ರಾನ್ಸಿನ ಬರ್ಟ್ರಾಂಡ್ ಲೆಸ್ತ್ರೆ ಅವರ ಕೈಯಲ್ಲಿದ್ದದ್ದು ಅಗ್ಗದ ಪ್ರಾಣಿಗಳೂ ಸಿಡಿಲಿನ ಮಂತ್ರಗಳೂ ತುಂಬಿದ ವೇಗದ ಕಟ್ಟು. ಅಮೆರಿಕದ ಜಾಕ್ ಡೋಲನ್ ಅವರದು ನಿಧಾನದ ಕಟ್ಟು. ಈ ಆಟದಲ್ಲಿ ಬಳಸಿದ ಎಲೆಯನ್ನು ಅಡ್ಡ ತಿರುಗಿಸಿಟ್ಟು, ಮುಂದಿನ ಸರದಿಯಲ್ಲಿ ನೇರ ಮಾಡಿಕೊಳ್ಳಬೇಕು. ಡೋಲನ್ ಅವರ ‘ಸ್ಟೇಸಿಸ್’ ಎಂಬ ಎಲೆ ಹೀಗೆ ನೇರ ಮಾಡಿಕೊಳ್ಳುವುದನ್ನೇ ತಡೆಯುತ್ತದೆ. ಇಬ್ಬರೂ ಮರಗಟ್ಟಿ ಕೂರಬೇಕು. ಆದರೆ ಅವರಲ್ಲಿದ್ದ ‘ಸೆರಾ ಏಂಜೆಲ್’ ಎಂಬ ದೇವತೆ ಅಡ್ಡ ತಿರುಗದೆಯೇ ದಾಳಿ ಮಾಡಬಲ್ಲಳು! ಗೆದ್ದವರು ಡೋಲನ್. ಇಂದಿನ ಕಣ್ಣಿಗೆ ಲೆಸ್ತ್ರೆ ಅವರ ಕಟ್ಟೇ ಹೆಚ್ಚು ಅಚ್ಚುಕಟ್ಟಾಗಿ ಕಾಣುತ್ತದೆ ಎಂಬುದು ಬೇರೆ ಮಾತು.

ನಿಧಾನವನ್ನೇ ಶಾಸ್ತ್ರವಾಗಿಸಿದವರು ಬ್ರಯಾನ್ ವೈಸ್‌ಮನ್. ಅವರ ಕಟ್ಟಿಗೆ ‘ದಿ ಡೆಕ್’, ಅಂದರೆ ಬರೀ ‘ಕಟ್ಟು’ ಎಂದೇ ಹೆಸರು. ಬೇರೆಯವು ಕಟ್ಟುಗಳೇ ಅಲ್ಲವೆಂಬ ಠೀವಿ ಅದರಲ್ಲಿದೆ. ತನ್ನ ಒಂದು ಎಲೆ ಎದುರಾಳಿಯ ಎರಡು ಎಲೆಗಳನ್ನು ತಿನ್ನಬೇಕು. ಕೈಯಲ್ಲಿ ಎಲೆ ಹೆಚ್ಚು ಉಳಿದವನು ಕೊನೆಗೆ ಗೆದ್ದೇ ಗೆಲ್ಲುತ್ತಾನೆ ಎಂಬುದು ಅವರ ಲೆಕ್ಕ. ಗೆಲ್ಲಿಸಲು ಇದ್ದವಳು ಅದೇ ದೇವತೆ, ಅದೂ ಎರಡೇ ಪ್ರತಿ. ಪ್ರಾಣಿಗಳನ್ನು ಕೊಲ್ಲಲೆಂದು ಎದುರಾಳಿ ತುಂಬಿಕೊಂಡು ಬಂದ ಮಂತ್ರಗಳಿಗೆ ಗುರಿಯೇ ಸಿಗದೆ ಅವು ಕೈಯಲ್ಲೇ ಕೊಳೆಯುತ್ತಿದ್ದವು. 1995ರ ಹೊತ್ತಿಗೆ ಆಟಗಾರರ ವಲಯದಲ್ಲಿ ವಾದವೆಂದರೆ ಈ ಕಟ್ಟಿನ ಪರ, ಇಲ್ಲವೇ ವಿರೋಧ.

ಅದೇ ವರ್ಷ ಆಟ ಎರಡಾಗಿ ಒಡೆಯಿತು. ಇತ್ತೀಚಿನ ಎಲೆಗಳಷ್ಟೇ ಸಲ್ಲುವ ‘ಟೈಪ್ 2’ ಹುಟ್ಟಿತು. ಹಳೆಯವೂ ಸಲ್ಲುವ ‘ಟೈಪ್ 1’ಕ್ಕೆ 2004ರಲ್ಲಿ ‘ವಿಂಟೇಜ್’ ಎಂದು ಹೆಸರಾಯಿತು. ಅಲ್ಲಿಗೂ ವರ್ಷವರ್ಷ ಹೊಸ ಎಲೆಗಳು ಬರುತ್ತಲೇ ಇದ್ದುದರಿಂದ ಹಳೆಯ ಆಟದ ಚಹರೆ ಮಾಸಿತು. ಇದಕ್ಕೆ ಬೇಸತ್ತ ಸ್ವೀಡನ್ನಿನ ಗೋಥೆನ್‌ಬರ್ಗ್‌ನ ಕೆಲವು ಗೆಳೆಯರು 2007ರ ಸುಮಾರಿಗೆ 1993 ಮತ್ತು 94ರ ಎಲೆಗಳಿಂದ ಮಾತ್ರ ಆಡತೊಡಗಿದರು. ‘ಓಲ್ಡ್ ಸ್ಕೂಲ್’ ಎಂಬ ಹೆಸರಿನಲ್ಲಿ ಅದು ಹಲವು ದೇಶಗಳಿಗೆ ಹರಡಿತು. ಕಂಪೆನಿಯ ಮುದ್ರೆ ಇದಕ್ಕಿಲ್ಲ. ನಿಯಮ ಆಯಾ ಕೂಟದ್ದು.

ಹೊಸ ಎಲೆಯೇ ಬಾರದ ಆಟದಲ್ಲಿ ವಾದವೂ ಮುಗಿಯಬೇಕಿತ್ತು. ಆದದ್ದು ಬೇರೆ. ಯಾವ ಎಲೆ ಪ್ರಬಲ ಎಂಬ ಪ್ರಶ್ನೆ ತೀರಿದ ಮೇಲೆ, ಎಲ್ಲಿ ಗೆರೆ ಎಳೆಯಬೇಕು ಎಂಬ ಪ್ರಶ್ನೆ ಎದ್ದಿತು. 1994ರ ನವೆಂಬರ್‌ನಲ್ಲಿ ಬಂದ ‘ಫಾಲನ್ ಎಂಪೈರ್ಸ್’ ಕಂತನ್ನು ಸ್ವೀಡನ್ನಿನವರು ಹೊರಗಿಟ್ಟರು. ಅಮೆರಿಕದ ಕೆಲವು ಕೂಟಗಳು ಒಳಗೆ ಬಿಟ್ಟುಕೊಂಡವು. ಕ್ಷುಲ್ಲಕವಾಗಿ ಕಂಡರೂ ವ್ಯತ್ಯಾಸ ದೊಡ್ಡದು. ಆ ಕಂತಿನ ‘ಹಿಮ್ ಟು ಟೂರಾಕ್’ ಎಂಬ ಅಗ್ಗದ ಎಲೆ ಎದುರಾಳಿಯ ಕೈಯಿಂದ ಎರಡು ಎಲೆಗಳನ್ನು ಕಣ್ಣುಮುಚ್ಚಿ ಕಿತ್ತೆಸೆಯುತ್ತದೆ. ಕೈತುಂಬ ಎಲೆ ಇಟ್ಟುಕೊಂಡು ಕಾಯುವ ವೈಸ್‌ಮನ್ ಮಾದರಿಗೆ ಇದು ಮರ್ಮಕ್ಕೆ ಬಿದ್ದ ಏಟು. ಎದುರಾಳಿಯ ನೆಲವನ್ನೇ ಹಾಳುಗೆಡಹುವ ‘ಸ್ಟ್ರಿಪ್ ಮೈನ್’ ಒಂದಿರಲಿ ಎಂದಿತು ಸ್ವೀಡನ್ನಿನ ಪಟ್ಟಿ. ನಾಲ್ಕಿರಲಿ ಎಂದರು ಅಮೆರಿಕದ ಕೆಲವರು. ನಾಲ್ಕಿದ್ದರೆ ಕೆಲವೊಮ್ಮೆ ಎದುರಾಳಿ ಒಂದು ಮಂತ್ರವನ್ನೂ ಹಾಕದೆ ಸೋಲಬೇಕಾಗುತ್ತದೆ. ಈ ವಿಷಯದಲ್ಲಿ ಸ್ವೀಡನ್ನಿನವರ ಮಾತೇ ಹೆಚ್ಚು ತೂಕದ್ದು.

ಕಟ್ಟು ಆರಿಸಿದ ಮೇಲೂ ವಾದ ನಿಲ್ಲುವುದಿಲ್ಲ. ಮೈಕ್ ಫ್ಲೋರೆಸ್ 1999ರಲ್ಲಿ ಬರೆದ ಪ್ರಸಿದ್ಧ ಲೇಖನವೊಂದರ ಸಾರ ಇಷ್ಟು: ಇಬ್ಬರ ಕಟ್ಟುಗಳೂ ಒಂದೇ ಬಗೆಯವಾದಾಗ, ಮೇಲೆ ಬೀಳಬೇಕಾದವರು ಯಾರು, ಕಾಯಬೇಕಾದವರು ಯಾರು ಎಂಬುದನ್ನು ತಪ್ಪಾಗಿ ಗ್ರಹಿಸಿದವನೇ ಸೋಲುತ್ತಾನೆ. ಹಳೆಯ ಆಟದಲ್ಲಿ ಈ ಮಾತಿಗೆ ಇನ್ನಷ್ಟು ಬೆಲೆ. ಎದುರಾಳಿಯ ಕಟ್ಟಿನಲ್ಲಿ ಏನೇನಿರಬಹುದು ಎಂಬುದು ಪಳಗಿದವರಿಗೆಲ್ಲ ಹೆಚ್ಚುಕಡಿಮೆ ಗೊತ್ತೇ ಇರುತ್ತದೆ.

ಆದರೆ ಮೇಜಿನ ಮುಂದೆ ಕೂರುವ ಯೋಗ್ಯತೆಯನ್ನು ಬಹುಮಟ್ಟಿಗೆ ನಿರ್ಧರಿಸುವುದು ಹಣ. ಹಳೆಯ ಎಲೆಗಳನ್ನು 1995ರಲ್ಲಿ ‘ಕ್ರಾನಿಕಲ್ಸ್’ ಹೆಸರಿನಲ್ಲಿ ಮರುಮುದ್ರಿಸಿದಾಗ ಸಂಗ್ರಾಹಕರು ಸಿಡಿದೆದ್ದರು. ಅವರನ್ನು ಸಮಾಧಾನಪಡಿಸಲು ಕಂಪೆನಿ 1996ರಲ್ಲಿ ಒಂದು ಪಟ್ಟಿ ಪ್ರಕಟಿಸಿ, ಅದರಲ್ಲಿನ ಎಲೆಗಳನ್ನು ಇನ್ನೆಂದೂ ಅಚ್ಚು ಹಾಕುವುದಿಲ್ಲ ಎಂದು ಮಾತು ಕೊಟ್ಟಿತು. ಅಲ್ಲಿಂದ ಬೆಲೆಗೆ ಲಂಗುಲಗಾಮಿಲ್ಲ. ಚಿತ್ರಕಾರ ಕ್ರಿಸ್ಟೋಫರ್ ರಷ್ ಅವರ ಸಹಿಯಿದ್ದ ಆಲ್ಫಾ ಮುದ್ರಣದ ಬ್ಲ್ಯಾಕ್ ಲೋಟಸ್ 2021ರ ಜನವರಿಯಲ್ಲಿ 5,11,100 ಡಾಲರ್‌ಗೆ ಹರಾಜಾಯಿತು. 2022ರಲ್ಲಿ ಕಂಪೆನಿಯೇ 30ನೇ ವರ್ಷದ ನೆನಪಿಗೆಂದು ಹಳೆಯ ಎಲೆಗಳ ಪ್ರತಿಗಳನ್ನು ಹೊರತಂದಿತು. ನಾಲ್ಕು ಪೊಟ್ಟಣ, ಒಟ್ಟು 60 ಎಲೆ, ಬೆಲೆ 999 ಡಾಲರ್. ಬೆನ್ನಿನ ಚಿತ್ರ ಬೇರೆಯಾದ್ದರಿಂದ ಅಧಿಕೃತ ಪಂದ್ಯಗಳಲ್ಲಿ ಅವು ಸಲ್ಲುವುದೂ ಇಲ್ಲ!

ಕೂಟಗಳು ಇದಕ್ಕೆ ತಮ್ಮದೇ ಉಪಾಯ ಕಂಡುಕೊಂಡಿವೆ. ಅಮೆರಿಕದ ಅನಧಿಕೃತ ವಿಂಟೇಜ್ ಪಂದ್ಯಗಳಲ್ಲಿ ಹತ್ತೋ ಹದಿನೈದೋ ಬದಲಿ ಎಲೆಗಳಿಗೆ ಅವಕಾಶ ಕೊಡುವ ರೂಢಿ ಬಂತು. ಓಲ್ಡ್ ಸ್ಕೂಲ್‌ನ ಎಷ್ಟೋ ಕೂಟಗಳು, ಹಳೆಯ ಚಿತ್ರ ಮತ್ತು ಚೌಕಟ್ಟು ಇದ್ದರೆ ಮರುಮುದ್ರಣವೂ ನಡೆದೀತು ಎಂದವು. ಮೂಲ ಮುದ್ರಣವೇ ಬೇಕೆಂದು ಹಟ ಹಿಡಿದ ಗೋಥೆನ್‌ಬರ್ಗ್‌ನವರು ಮಾತ್ರ ತಮ್ಮ ‘ನೂಬ್‌ಕಾನ್’ ಕೂಟದಲ್ಲಿ ಗೆದ್ದವರಿಗೆ ಕೊಡುವುದು ಲೋಟಸ್ ಅಲ್ಲ. ಪೇಟೆಯಲ್ಲಿ ಹೇಳಿಕೊಳ್ಳುವಂಥ ಬೆಲೆಯಿಲ್ಲದ ‘ಜಯಂಟ್ ಶಾರ್ಕ್’ ಎಂಬ ತಿಮಿಂಗಿಲ ಜಾತಿಯದಲ್ಲದ, ಸಾದಾ ಶಾರ್ಕ್ ಮೀನಿನ ಎಲೆ. ಅದರ ಮೇಲೆ ಅಂದು ಆಡಿದವರೆಲ್ಲರ ಸಹಿ ಇರುತ್ತದೆ.